ಮತ್ತೆ ಮಾರಿಯೋ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಟ್ಟದ ಮೇಲಿಂದ ಹಳೇ ವಿಡಿಯೋ ಗೇಮ್ ಇಳಿಸಿಕೊಂಡವರು, ಮೊಬೈಲಿನಲ್ಲಿ ಹಾಕಿಕೊಂಡು "ಇದು ನಮ್ಮ ಮಾರಿಯೋ ಅಲ್ಲ" ಎಂದು ತಕರಾರು ತೆಗೆದವರು, ಮಕ್ಕಳಿಗೆ ಕಲಿಸಲು ಹೋಗಿ ತಾವೇ ಮೊದಲ ಗುಂಡಿಗೆ ಬಿದ್ದವರು ಕೇಳುವ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಮಾರಿಯೋ ಹೆಸರಿನ ಆಟಗಳು ಹತ್ತಾರು ಇವೆ. ಇಲ್ಲಿ ಮಾತಾಡುತ್ತಿರುವುದು 1985ರ ಸೂಪರ್ ಮಾರಿಯೋ ಬ್ರದರ್ಸ್ ಬಗ್ಗೆ ಮಾತ್ರ.

## ಮೊದಲಿಗೆ

ನಾವು ಸಣ್ಣವರಿದ್ದಾಗ ಆಡಿದ್ದು ಖರೇ ಮಾರಿಯೋ ಏನ್ರಿ, ಇಲ್ಲಾ ಡೂಪ್ಲಿಕೇಟ್?

ಆಟ ಖರೇ, ಪೆಟ್ಟಿಗೆ ಡೂಪ್ಲಿಕೇಟ್. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಯಂತ್ರ ತಂದಿತು. ಸೂಪರ್ ಮಾರಿಯೋ ಬ್ರದರ್ಸ್ ಅದಕ್ಕಾಗಿ 1985ರ ಸೆಪ್ಟೆಂಬರ್ 13ರಂದು ಬಂತು. ವಿನ್ಯಾಸ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಅವರದು, ಸಂಗೀತ ಕೋಜಿ ಕೊಂಡೊ ಅವರದು. ನಮ್ಮ ಕಡೆ ಮನೆ ಮನೆಗೆ ಬಂದದ್ದು ಆ ಫ್ಯಾಮಿಕಾಮಿನ ನಕಲು ಯಂತ್ರಗಳು. ಕ್ಯಾಸೆಟ್ ಸೇರಿಸುವ ತುದಿಯಲ್ಲಿ 60 ತಾಮ್ರದ ಪಟ್ಟಿಗಳಿದ್ದರೆ ಅದು ಫ್ಯಾಮಿಕಾಮ್ ಜಾತಿ. ಅದೇ ಯಂತ್ರ ಅಮೆರಿಕ, ಯುರೋಪಿಗೆ ಹೋದದ್ದು ಎನ್ಇಎಸ್ ಎಂಬ ಹೆಸರಿನಲ್ಲಿ, ಅದರದು 72 ಪಟ್ಟಿ, ಹಾಗಾಗಿ ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.

ಕ್ಯಾಸೆಟ್ಟಿನೊಳಗಿನ ಪ್ರೋಗ್ರಾಮ್ ಮಾತ್ರ ಬಹುತೇಕ ಮೂಲದ್ದೇ. ಇಡೀ ಆಟ 40 ಕಿಲೋಬೈಟ್: 32 ಕಿಲೋಬೈಟ್ ಪ್ರೋಗ್ರಾಮ್, 8 ಕಿಲೋಬೈಟ್ ಚಿತ್ರಗಳು. ಈಗ ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಫೋಟೋ ಇದಕ್ಕಿಂತ ದೊಡ್ಡದು. ಜಾಗ ಉಳಿಸಲು ಏನೆಲ್ಲ ಮಾಡಿದ್ದಾರೆ ನೋಡಬೇಕೆಂದರೆ 1-1ರಲ್ಲಿ (ಮೊದಲ ಲೋಕದ ಮೊದಲ ಹಂತ) ಮೋಡದ ಚಿತ್ರ, ಪೊದೆಯ ಚಿತ್ರ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ, ಬಣ್ಣ ಮಾತ್ರ ಬೇರೆ.

ಮೊಬೈಲ್‌ನಾಗ ಹಾಕ್ಕೊಂಡೆ, ಮೊದಲಿನಕಿಂತ ಭಾಳ ಜೋರ್ ಓಡತೈತಿ. ನಮಗ ವಯಸ್ಸಾತೋ, ಗೇಮೇ ಬದಲಾಗೇತೋ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ವಯಸ್ಸಿನ ಪಾಲೂ ಇರಬಹುದು, ಆದರೆ ಆಟ ನಿಜವಾಗಿಯೂ ಜೋರಾಗಿಯೇ ಓಡುತ್ತಿದೆ.

ಮಾರಿಯೋ ಬರೆದದ್ದು ಜಪಾನಿನ ಟಿವಿಗೆ. ಅಲ್ಲಿನ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಪರದೆ ಸೆಕೆಂಡಿಗೆ ಸುಮಾರು 60 ಸಲ ಬದಲಾಗುತ್ತದೆ. ಆಟದ ಪ್ರತಿಯೊಂದು ಚಲನೆ, ಅಂದರೆ ಓಟ, ಜಿಗಿತ, ಆಮೆಯ ನಡಿಗೆ, ಹಾಡಿನ ತಾಳ ಎಲ್ಲವೂ ಆ ಬದಲಾವಣೆಗೇ ಕಟ್ಟಿಕೊಂಡಿವೆ. ನಮ್ಮಲ್ಲಿದ್ದದ್ದು ಪಾಲ್ ಪದ್ಧತಿ, ಸೆಕೆಂಡಿಗೆ 50. ಇಲ್ಲಿನ ಟಿವಿಗೆ ಹೊಂದುವಂತೆ ಮಾಡಿದ ನಕಲು ಯಂತ್ರಗಳು 50ರಲ್ಲೇ ಓಡುತ್ತಿದ್ದವು, ಪ್ರೋಗ್ರಾಮ್ ಮಾತ್ರ 60ಕ್ಕೆ ಬರೆದದ್ದು. ಪರಿಣಾಮವಾಗಿ ಇಡೀ ಆಟ ಸುಮಾರು ಶೇ. 17ರಷ್ಟು ನಿಧಾನ. ಮೊಬೈಲಿನ ಎಮ್ಯುಲೇಟರ್ (ಹಳೇ ಯಂತ್ರದಂತೆಯೇ ನಡೆದುಕೊಳ್ಳುವ ಆಪ್) ಜಪಾನಿನ ವೇಗದಲ್ಲೇ ಓಡಿಸುತ್ತದೆ.

ಒಂದು ಲೆಕ್ಕ ನೋಡಿ. ಮೇಲಿನ ಮೂಲೆಯ ಟೈಮ್ 400 ಎಂದಿದ್ದರೂ ಅದು 400 ಸೆಕೆಂಡ್ ಅಲ್ಲ. ಪರದೆ 24 ಸಲ ಬದಲಾದಾಗ ಒಂದು ಅಂಕಿ ಕಡಿಮೆಯಾಗುತ್ತದೆ. 60ರಲ್ಲಿ 400 ಅಂಕಿ ಮುಗಿಯಲು 160 ಸೆಕೆಂಡ್, ನಮ್ಮ 50ರಲ್ಲಿ 192 ಸೆಕೆಂಡ್. ಟೈಮೂ ಓಟವೂ ಒಟ್ಟಿಗೇ ನಿಧಾನವಾಗುವುದರಿಂದ ಆಟದ ಒಳಗೆ ಲಾಭವೇನೂ ಇಲ್ಲ. ಲಾಭ ಆಗುತ್ತಿದ್ದದ್ದು ನಮ್ಮ ಕಣ್ಣಿಗೆ, ಕೈಗೆ. ಶತ್ರು ಎಸೆದ ಸುತ್ತಿಗೆ ನೋಡಿ ತಪ್ಪಿಸಿಕೊಳ್ಳಲು ಒಂದಿಷ್ಟು ಹೆಚ್ಚು ಹೊತ್ತು ಸಿಗುತ್ತಿತ್ತು. ಆಗ ಕೂತ ಕೈಲೆಕ್ಕ ಈಗ ತಪ್ಪುತ್ತದೆ. ಗುಂಡಿಯ ಅಂಚು ದಾಟಿದ ಮೇಲೆ ಬೆರಳು ಬಟನ್ ಒತ್ತುವುದು ಅದಕ್ಕೇ.

ಹಂಗಾರ ಆ ಹಳೇ ಸ್ಪೀಡಿಗೇ ಆಡೂದು ಹೆಂಗ?

ಎಮ್ಯುಲೇಟರಿನ ಸೆಟ್ಟಿಂಗ್ಸ್‌ನಲ್ಲಿ ರೀಜನ್ ಎಂಬುದನ್ನು ಹುಡುಕಿ. ಮೆಸೆನ್, ಎಫ್‌ಸಿಇಯುಎಕ್ಸ್ ಎಂಬ ಎರಡು ಎಮ್ಯುಲೇಟರ್‌ಗಳಲ್ಲೂ ಆಟೊ, ಎನ್‌ಟಿಎಸ್‌ಸಿ, ಪಾಲ್ ಜೊತೆಗೆ ಡೆಂಡಿ ಎಂಬ ಆಯ್ಕೆ ಇದೆ. ಮೊಬೈಲಿನ ರೆಟ್ರೊಆರ್ಚ್ ಆಪ್‌ನಲ್ಲಿ ಎಫ್‌ಸಿಇಯುಎಂಎಂ ಅಥವಾ ಮೆಸೆನ್ ಕೋರ್ (ಆಪ್ ಒಳಗೆ ಸೇರಿಸಿಕೊಳ್ಳುವ ಎಮ್ಯುಲೇಟರ್) ಹಾಕಿಕೊಂಡರೆ ಕೋರ್ ಆಯ್ಕೆಗಳಲ್ಲಿ ಅದೇ ಹೆಸರು ಸಿಗುತ್ತದೆ. ಡೆಂಡಿ ಎಂದರೆ ರಷ್ಯಾದಲ್ಲಿ ಹೆಸರಾಗಿದ್ದ ಇಂಥದೇ ನಕಲು ಯಂತ್ರ. ನಮ್ಮ ಪೆಟ್ಟಿಗೆಗಳಿಗೂ ಅದೇ ಲೆಕ್ಕ ಹೊಂದುತ್ತದೆ.

ಪಾಲ್ ಎಂದಿದೆಯಲ್ಲ, ಅದನ್ನೇ ಒತ್ತೋಣ ಎನ್ನಬೇಡಿ. ಅಧಿಕೃತ ಪಾಲ್ ಯಂತ್ರದ ಪ್ರೊಸೆಸರ್ 1.66 ಮೆಗಾಹರ್ಟ್ಸ್, ಮೂಲದ್ದು 1.79. ಪ್ರೊಸೆಸರ್ ನಿಧಾನವಾದರೆ ಹಾಡಿನ ಶ್ರುತಿಯೂ ಇಳಿಯುತ್ತದೆ, ಅರ್ಧ ಸ್ವರಕ್ಕಿಂತ ಹೆಚ್ಚೇ. ನಕಲು ಯಂತ್ರಗಳದು 1.77. ಶ್ರುತಿ ಹೆಚ್ಚುಕಡಿಮೆ ಮೂಲದ್ದೇ, ತಾಳ ಮಾತ್ರ ವಿಲಂಬಿತ. ಗಂಗೂಬಾಯಿ, ಬಸವರಾಜ ರಾಜಗುರು ಅವರನ್ನು ಕೇಳಿ ಬೆಳೆದ ಊರಿನವರಿಗೆ ಈ ವ್ಯತ್ಯಾಸ ಮೊದಲ ಸಾಲಿಗೇ ತಿಳಿಯುತ್ತದೆ.

ಇನ್ನೊಂದು ತೊಡಕಿದೆ. ಮೊಬೈಲ್, ಲ್ಯಾಪ್‌ಟಾಪ್ ಪರದೆಗಳು ಸಾಮಾನ್ಯವಾಗಿ 60ರಲ್ಲಿ ಓಡುತ್ತವೆ. 50ರ ಆಟ ಅದರ ಮೇಲೆ ಸರಿಯುವಾಗ ಸಣ್ಣಗೆ ಜರ್ಕ್ ಹೊಡೆಯುತ್ತದೆ. ನಿಮ್ಮ ಟಿವಿ ಅಥವಾ ಮಾನಿಟರ್ 50 ಹರ್ಟ್ಸ್ ಒಪ್ಪುವುದಾದರೆ ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅದನ್ನು 50ಕ್ಕೆ ಇಳಿಸಿ ಆಡಿ.

ಯಾವುದರ ಮ್ಯಾಲ ಆಡಿದ್ರ ಚಲೋ?

ಕಾನೂನಿಗೆ ಸರಿಯಾದ ಸುಲಭ ದಾರಿ ನಿಂಟೆಂಡೊ ಸ್ವಿಚ್ ಮತ್ತು ಅದರ ಆನ್‌ಲೈನ್ ಸದಸ್ಯತ್ವ. ಹಳೆಯ ಎನ್ಇಎಸ್ ಆಟಗಳ ಪಟ್ಟಿಯಲ್ಲಿ ಮಾರಿಯೋ ಇದೆ. 30 ಆಟಗಳ ಎನ್ಇಎಸ್ ಕ್ಲಾಸಿಕ್ ಎಂಬ ಪುಟ್ಟ ಯಂತ್ರ 2016ರಲ್ಲಿ ಬಂದಿತ್ತು, ಈಗ ಸೆಕೆಂಡ್ ಹ್ಯಾಂಡ್ ಮಾತ್ರ, ಅದರ ನಕಲುಗಳೂ ಧಾರಾಳ. ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುವ ರೋಮ್ ಫೈಲ್ (ಕ್ಯಾಸೆಟ್ಟಿನೊಳಗಿನ ಆಟದ ಪ್ರತಿ) ಹಕ್ಕುಸ್ವಾಮ್ಯದ ಉಲ್ಲಂಘನೆ, ಆಟ ಎಷ್ಟೇ ಹಳೆಯದಾಗಿದ್ದರೂ.

ಮೊಬೈಲಿನಲ್ಲಿ ಆಡುವವರಿಗೆ ಒಂದೇ ಮಾತು: ಗಾಜಿನ ಮೇಲಿನ ಬಟನ್ ನಂಬಬೇಡಿ. ಬಿ (ಓಟದ ಬಟನ್) ಒತ್ತಿ ಹಿಡಿದುಕೊಂಡೇ ಅದೇ ಹೆಬ್ಬೆರಳಿನ ಬುಡದಿಂದ ಎ (ಜಿಗಿತದ್ದು) ಒತ್ತುವುದು ಈ ಆಟದ ಜೀವಾಳ. ಗಾಜಿನ ಮೇಲೆ ಅದು ಆಗುವುದಿಲ್ಲ. ಒಟಿಜಿ ಕೇಬಲ್ ಜೊತೆ ಒಂದು ಯುಎಸ್‌ಬಿ ಗೇಮ್‌ಪ್ಯಾಡ್ ಸಾಕು.

ಜಾತ್ರ್ಯಾಗ ಸಿಗೋ 400 ಗೇಮಿನ ಕೈಯಾಗಿನ ಡಬ್ಬಿ ತಗೋಬಹುದೇನ್ರಿ?

ಸಿದ್ಧಾರೂಢರ ಜಾತ್ರೆಯಿಂದ ತೋಂಟದಾರ್ಯ ಜಾತ್ರೆಯವರೆಗೆ ಆಟಿಕೆ ಅಂಗಡಿಗಳಲ್ಲಿ ಕಣ್ಣಿಗೆ ಬೀಳುವ ಮಾಲು. ಮಕ್ಕಳ ಕೈಗೆ ಕೊಡಲು ಅಡ್ಡಿಯಿಲ್ಲ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಹಿಂಬದಿಯ ಮುಚ್ಚಳ ತೆಗೆಸಿ ಬ್ಯಾಟರಿ ನೋಡಿ. ಬಿಎಲ್-5ಸಿ ಜಾತಿಯದಾದರೆ ಯಾವ ಮೊಬೈಲ್ ಅಂಗಡಿಯಲ್ಲಾದರೂ ಬದಲಿ ಸಿಗುತ್ತದೆ. ಬ್ಯಾಟರಿ ಉಬ್ಬಿದ್ದರೆ ವಾಪಸ್ ಕೊಡಿ. ಆಮೇಲೆ ಮಾರಿಯೋ ಹಾಕಿಸಿ, ಬಿ ಹಿಡಿದು ಓಡುತ್ತ ಎ ಒತ್ತಿ. ಓಟ ನಿಂತುಹೋದರೆ ಬಟನ್ ಕೆಳಗಿನ ರಬ್ಬರ್ ಸರಿ ಇಲ್ಲ, ಇನ್ನೊಂದು ಕೇಳಿ.

ಕ್ಯಾಸೆಟ್ ಮ್ಯಾಲ 9999 ಗೇಮ್ ಅಂತ ಬರದಾರ, ಸಿಗೂದು ಬರೇ ಏಳೆಂಟು. ಯಾಕ?

ಮೆನು ಮಾತ್ರ ಉದ್ದ, ಆಟ ಅಷ್ಟಿಲ್ಲ. ಅದೇ ಮಾರಿಯೋವನ್ನು 2-1ರಿಂದ ಶುರು ಮಾಡಿದರೆ ಒಂದು ಹೆಸರು, 5-1ರಿಂದ ಶುರು ಮಾಡಿದರೆ ಮತ್ತೊಂದು ಹೆಸರು. ಕೆಲವದರಲ್ಲಿ ಜೀವ ಮುಗಿಯದಂತೆ ಒಂದೆರಡು ಬೈಟ್ ತಿದ್ದಿರುತ್ತಾರೆ. ಕೆಳಗೆ ಹೇಳಿರುವ ಯಾವುದಾದರೂ ಯುಕ್ತಿ ನಿಮ್ಮಲ್ಲಿ ನಡೆಯದಿದ್ದರೆ, ಪಟ್ಟಿಯಲ್ಲಿ ಬರುವ ಇನ್ನೊಂದು ಮಾರಿಯೋದಲ್ಲಿ ಮಾಡಿ ನೋಡಿ.

## ಹಳೇ ಪೆಟ್ಟಿಗೆ ಹೊರತೆಗೆದವರಿಗೆ

ಅಡಾಪ್ಟರ್ ಕಳದೈತಿ. ಮನ್ಯಾಗಿಂದು ಯಾವುದಾರ ಹಚ್ಚಿದ್ರ ನಡೀತದೇನು?

ಹಾಗೆ ಹಚ್ಚಿಯೇ ಬಹಳ ಪೆಟ್ಟಿಗೆಗಳು ಸತ್ತಿವೆ. ಬೇಕಾದದ್ದು 9 ವೋಲ್ಟ್ ಡಿಸಿ, 500 ಮಿಲಿಆಂಪ್ ಅಥವಾ ಮೇಲೆ. ಆಂಪಿಯರ್ ಹೆಚ್ಚಿದ್ದರೆ ತೊಂದರೆ ಇಲ್ಲ, ವೋಲ್ಟ್ ಹೆಚ್ಚಿರಬಾರದು. ಒಳಗೆ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಇದ್ದು ಅದು 5 ವೋಲ್ಟಿಗೆ ಇಳಿಸುತ್ತದೆ. 12 ವೋಲ್ಟ್ ಕೊಟ್ಟರೆ ಉಳಿದದ್ದೆಲ್ಲ ಶಾಖವಾಗಿ ಅದರ ಮೈ ಸುಡುತ್ತದೆ.

ವೋಲ್ಟಿಗಿಂತ ಮುಖ್ಯವಾದದ್ದು ಧ್ರುವ. ಫ್ಯಾಮಿಕಾಮಿನಲ್ಲಿ ಪಿನ್ನಿನ ನಡುವೆ ನೆಗೆಟಿವ್, ಹೊರಗೆ ಪಾಸಿಟಿವ್. ಈಗ ವೈಫೈ ರೂಟರ್‌ಗಳಿಗೆ ಬರುವ ಅಡಾಪ್ಟರ್ ಸಾಮಾನ್ಯವಾಗಿ ಇದರ ಉಲ್ಟಾ. ನಕಲು ಯಂತ್ರಗಳಲ್ಲಿ ಎರಡೂ ಬಗೆ ಇವೆ, ಹಾಗಾಗಿ ಊಹೆ ಬೇಡ. ಪೆಟ್ಟಿಗೆಯ ತಳದಲ್ಲಿರುವ ವೃತ್ತದ ಗುರುತು ನೋಡಿ. ಗುರುತು ಅಳಿಸಿದ್ದರೆ ಮುಚ್ಚಳ ಬಿಚ್ಚಿ, ಮಲ್ಟಿಮೀಟರಿನ ಬೀಪ್ ಇಟ್ಟು 7805ರ ನಡುವಿನ ಕಾಲು (ಅದು ನೆಗೆಟಿವ್) ಸಾಕೆಟ್ಟಿನ ಯಾವ ತುದಿಗೆ ಸೇರುತ್ತದೆ ಎಂದು ಪತ್ತೆ ಮಾಡಿ. ಅಡಾಪ್ಟರ್ ಮೇಲೆ "ಎಸಿ 9 ವೋಲ್ಟ್ ಔಟ್‌ಪುಟ್" ಎಂದಿದ್ದರೆ ಮುಟ್ಟಲೇಬೇಡಿ.

ಹೊಸ ಟಿವ್ಯಾಗ ಹಳದಿ-ಬಿಳಿ ತೂತೇ ಇಲ್ಲ. ಎಲ್ಲಿ ಚುಚ್ಚಬೇಕು?

ಟಿವಿಯ ಹಿಂದೆ ಎವಿ ಇನ್ ಎಂದು ಬರೆದ ಹೆಡ್‌ಫೋನ್ ಗಾತ್ರದ ಒಂದೇ ತೂತು ಇದೆಯೇ ನೋಡಿ. ಇದ್ದರೆ 3.5 ಮಿಲಿಮೀಟರ್, ನಾಲ್ಕು ಪಟ್ಟಿಯ ಪ್ಲಗ್‌ನಿಂದ ಮೂರು ಆರ್‌ಸಿಎಗೆ (ಹಳದಿ, ಬಿಳಿ, ಕೆಂಪು) ಬರುವ ತಂತಿ ಬೇಕು. ಕೊಪ್ಪಿಕರ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಹೀಗೇ ಕೇಳಿ. ಆ ಪಟ್ಟಿಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಹಳದಿ ಹಾಕಿದಾಗ ಚಿತ್ರ ಬರದೆ ಗುಂಯ್ ಶಬ್ದ ಬಂದರೆ ಕೆಂಪು, ಬಿಳಿಗೆ ಬದಲಿಸಿ ನೋಡಿ, ಏನೂ ಸುಡುವುದಿಲ್ಲ. ಹಳದಿಯನ್ನು ಹಸಿರಿನ ಜೊತೆ ಹಂಚಿಕೊಂಡ ಟಿವಿಗಳಲ್ಲಿ ಮೆನುವಿನಿಂದ ಕಾಂಪೊನೆಂಟ್ ಬಿಟ್ಟು ಎವಿ ಆರಿಸಬೇಕು.

ಎವಿ ಇನ್ ಇಲ್ಲವೇ ಇಲ್ಲ ಎಂದಾದರೆ ಎವಿಯಿಂದ ಎಚ್‌ಡಿಎಂಐಗೆ ತಿರುಗಿಸುವ ಪುಟ್ಟ ಡಬ್ಬಿ. ಎಚ್‌ಡಿಎಂಐಯಿಂದ ಎವಿಗೆ ತಿರುಗಿಸುವುದೂ ಅದೇ ಆಕಾರದ್ದು, ತಪ್ಪಿ ಅದನ್ನು ತರಬೇಡಿ. ಅಗ್ಗದ ಡಬ್ಬಿಗಳಲ್ಲಿ ಬಟನ್ ಒತ್ತಿದ್ದಕ್ಕೂ ಮಾರಿಯೋ ಜಿಗಿದದ್ದಕ್ಕೂ ನಡುವೆ ಅಂತರ ಬೀಳುತ್ತದೆ. ಟಿವಿಯಲ್ಲಿ ಗೇಮ್ ಮೋಡ್ ಹಾಕಿದರೆ ಸ್ವಲ್ಪ ತಗ್ಗುತ್ತದೆ. ಮೂಲೆಯಲ್ಲಿ ಹಳೇ ಡಬ್ಬಾ ಟಿವಿ ಇನ್ನೂ ಇದ್ದರೆ ಗುಜರಿಗೆ ಹಾಕಬೇಡಿ, ಈ ಕೆಲಸಕ್ಕೆ ಅದನ್ನು ಮೀರಿಸುವುದು ಯಾವುದೂ ಇಲ್ಲ.

ಚಿತ್ರ ಬರತೈತಿ, ಆದ್ರ ಕಪ್ಪು-ಬಿಳುಪು. ಮ್ಯಾಲಿಂದ ಕೆಳಗ ಗೆರಿ ಬ್ಯಾರೆ ಹರೀತಾವು.

ಇವು ಎರಡು ಬೇರೆ ರೋಗ. ಬಣ್ಣ ಹೋಗುವುದು ಟಿವಿಯ ಕಲರ್ ಸಿಸ್ಟಂ ಒಂದಕ್ಕೇ ಗಟ್ಟಿಯಾಗಿ ಕೂತಿರುವುದರಿಂದ. ಅದನ್ನು ಆಟೊಗೆ ಹಾಕಿ. ಹರಿಯುವ ಗೆರೆ ಕರೆಂಟಿನದು. ಹಳೇ ಭಾರದ ಅಡಾಪ್ಟರಿನೊಳಗಿನ ಕೆಪಾಸಿಟರ್ ಒಣಗಿರುತ್ತದೆ. 1000 ಮೈಕ್ರೋಫ್ಯಾರಡ್, 25 ವೋಲ್ಟಿನದು ಹಾಕಿಸಿ, ಇಲ್ಲವೇ 9 ವೋಲ್ಟ್ 1 ಆಂಪಿನ ಹಗುರ ಅಡಾಪ್ಟರ್ ತನ್ನಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಆಡುವಾಗ ಮಾತ್ರ ಗೆರೆ ಬರುತ್ತಿದ್ದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಪ್ರಸಾದ, ಪೆಟ್ಟಿಗೆಯ ತಪ್ಪಿಲ್ಲ.

ಕ್ಯಾಸೆಟ್ ಊದಿ ಹಾಕೂದು ಖರೇನ ಕೆಲಸ ಮಾಡತದೇನು?

ಕೆಲಸ ಮಾಡುವುದು ತೆಗೆದು ಮತ್ತೆ ಹಾಕುವುದು. ಪಟ್ಟಿ ಹೊಸ ಜಾಗಕ್ಕೆ ತಾಗುತ್ತದೆ, ಅಷ್ಟೇ. ಉಸಿರಿನ ತೇವ ತಾಮ್ರಕ್ಕೆ ಕಿಲುಬು ತರಿಸುತ್ತದೆ. ಧಾರವಾಡದ ಮಳೆಗಾಲದ ತೇವಕ್ಕೆ ಇದನ್ನೂ ಸೇರಿಸಿದರೆ ಪಟ್ಟಿಗಳ ಮೇಲೆ ಹಸಿರು ಕಾಣಿಸಿಕೊಳ್ಳುತ್ತದೆ. ಗದಗ ಕಡೆಯ ಪೆಟ್ಟಿಗೆಗಳಲ್ಲಿ ಕಿಲುಬು ಕಡಿಮೆ, ಸಣ್ಣ ಕೆಂಪು ಧೂಳು ಜಾಸ್ತಿ.

ಸರಿಯಾದ ಕ್ರಮ: ಮೊದಲು ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿಯ ಕಡ್ಡಿ ಅದ್ದಿ ಪಟ್ಟಿಗಳ ಉದ್ದಕ್ಕೆ ಉಜ್ಜಿ, ಅಡ್ಡ ಬೇಡ. ಎರಡೂ ಬದಿಗೆ 30-30 ಪಟ್ಟಿಗಳಿವೆ, ಹಿಂಬದಿಯನ್ನು ಮರೆಯುವವರೇ ಹೆಚ್ಚು. ಕಡ್ಡಿ ಬಿಳಿಯಾಗಿ ಬರುವವರೆಗೆ ಬದಲಿಸುತ್ತ ಹೋಗಿ. ಹತ್ತು ನಿಮಿಷ ಒಣಗಲಿ. ಹಸಿರು ಗಟ್ಟಿಯಾಗಿದ್ದರೆ ಮಾತ್ರ ಮೆತ್ತನೆಯ ಬಿಳಿ ರಬ್ಬರಿನಿಂದ ಎರಡು ಮೂರು ಸಲ ಎಳೆಯಿರಿ. ಮರಳು ಕಾಗದ ತಾಗಿಸಿದರೆ ಲೇಪನವೇ ಹೋಗುತ್ತದೆ. ಸೀಮೆಎಣ್ಣೆ, ಡಬ್ಲ್ಯುಡಿ-40 ಯಾವುದೂ ಬೇಡ.

ಒಗದೇನಿ, ಆದ್ರೂ ಅಕ್ಷರ ಎಲ್ಲಾ ಕಲಸಿಹೋಗ್ಯಾವು. ಹಾಡು ಮಾತ್ರ ಸರಿ ಬರತೈತಿ.

ಆ ಎರಡನೇ ಮಾತೇ ರೋಗದ ಗುರುತು. ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಮಿಗೆ ಒಂದು ದಾರಿ, ಚಿತ್ರಗಳಿಗೆ ಇನ್ನೊಂದು ದಾರಿ. ಹಾಡು ಸರಿ, ಚಿತ್ರ ಕಲಸಿದೆ ಎಂದರೆ ಪ್ರೋಗ್ರಾಮ್ ಓದುತ್ತಿದೆ, ಚಿತ್ರದ ಕಡೆಯ ಪಟ್ಟಿ ಒಂದೆರಡು ತಾಗುತ್ತಿಲ್ಲ. ಬರೀ ಒಂದೇ ಬಣ್ಣದ ಪರದೆ, ಅಥವಾ ಒಂದೇ ಸ್ವರ ಹಿಡಿದು ನಿಂತಿದೆ ಎಂದರೆ ಪ್ರೋಗ್ರಾಮಿನ ದಾರಿಯೇ ಕಟ್.

ಕ್ಯಾಸೆಟ್ ಶುಚಿಯಾಗಿದ್ದರೆ ತಪ್ಪು ಪೆಟ್ಟಿಗೆಯ ಬಾಯಿಯಲ್ಲಿದೆ. ಟಾರ್ಚ್ ಬಿಟ್ಟು ಒಳಗೆ ನೋಡಿ: ಸ್ಪ್ರಿಂಗ್ ಪಟ್ಟಿಗಳ ಸಾಲಿನಲ್ಲಿ ಒಂದು ಉಳಿದವಕ್ಕಿಂತ ಹಿಂದೆ ಕೂತಿರುತ್ತದೆ. ಕರೆಂಟ್ ತೆಗೆದು, ಸಣ್ಣ ಸೂಜಿಯಿಂದ ಅದನ್ನು ಕೂದಲೆಳೆಯಷ್ಟು ಮುಂದಕ್ಕೆ ಎಳೆಯಬೇಕು. ಹೆಚ್ಚು ಎಳೆದರೆ ಪಕ್ಕದ್ದಕ್ಕೆ ತಾಗಿ ಶಾರ್ಟ್. ಇದೆಲ್ಲ ಆದಮೇಲೂ ಸರಿಹೋಗದಿದ್ದರೆ ಕ್ಯಾಸೆಟ್ ಬಿಚ್ಚಿ ನೋಡಿ. ಚಿಪ್ಪಿನ ಬದಲು ಗುಂಡಗೆ ಕಪ್ಪು ಟಾರಿನ ಬೊಟ್ಟು ಇದ್ದು ಅದರಲ್ಲಿ ಬಿರುಕು ಕಂಡರೆ ಅದಕ್ಕೆ ರಿಪೇರಿ ಇಲ್ಲ, ಬೇರೆ ಕ್ಯಾಸೆಟ್ ಹುಡುಕಿ.

ರಿಮೋಟಿನ ಬಲಗಡೆ ಬಟನ್ ಒಮ್ಮೆ ಹತ್ತತದ, ಒಮ್ಮೆ ಹತ್ತಂಗಿಲ್ಲ.

ಹಿಂದಿನ ತಿರುಪು ಬಿಚ್ಚಿ. ಬಟನ್ ಕೆಳಗಿನ ರಬ್ಬರಿನಲ್ಲಿ ಕಪ್ಪು ಇಂಗಾಲದ ಬಿಲ್ಲೆ, ಅದರ ಎದುರು ಬೋರ್ಡಿನ ಮೇಲೆ ಬಾಚಣಿಗೆಯಂಥ ಗೆರೆಗಳು. ಎರಡನ್ನೂ ಆಲ್ಕೋಹಾಲಿನಿಂದ ಹಗುರವಾಗಿ ಒರೆಸಿ. ಬಿಲ್ಲೆ ಸವೆದು ರಬ್ಬರಿನ ಬಣ್ಣ ಕಂಡರೆ, ಯಾರೂ ಮುಟ್ಟದ ಸೆಲೆಕ್ಟ್ ಬಟನ್ನಿನ ಬಿಲ್ಲೆಯನ್ನು ಇಲ್ಲಿಗೆ ಕತ್ತರಿಸಿ ಅಂಟಿಸಬಹುದು.

ಯಾವ ಬಟನ್ನೂ ಹತ್ತದಿದ್ದರೆ ತಂತಿ ತುಂಡಾಗಿದೆ, ಸಾಮಾನ್ಯವಾಗಿ ರಿಮೋಟಿನಿಂದ ಹೊರಬರುವ ಜಾಗದಲ್ಲೇ. ಆ ಕಡೆಯ 5 ಸೆಂಟಿಮೀಟರ್ ಕತ್ತರಿಸಿ ಬಣ್ಣಕ್ಕೆ ಬಣ್ಣ ಬೆಸುಗೆ ಹಾಕಿಸಿ, ಒಟ್ಟು ಐದೇ ತಂತಿ. ಹೊಸ ರಿಮೋಟ್ ತರುವುದಾದರೆ ಎಚ್ಚರ: ಒಂಬತ್ತು ಪಿನ್ನಿನ ಪ್ಲಗ್ ನೋಡಲು ಒಂದೇ ಇದ್ದರೂ ಒಳಗಿನ ಜೋಡಣೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆ.

ಬಾತುಕೋಳಿ ಹೊಡಿಯೋ ಗನ್ ಎಲ್‌ಇಡಿ ಟಿವ್ಯಾಗ ನಡೀತದೇನು?

ಇಲ್ಲ. ಡಬ್ಬಾ ಟಿವಿಯ ಬೆಳಕಿನ ಸಮಯವನ್ನೇ ಅದು ಅಳೆಯುತ್ತದೆ.

## ಆಟದೊಳಗೆ

ಗೇಮ್ ಓವರ್ ಆದ್ರ ಮತ್ತ 1-1ರಿಂದನ ಆಡಬೇಕೇನು? ಸೇವ್ ಇಲ್ಲೇನು?

ಸೇವ್ ಇಲ್ಲ, ಪಾಸ್‌ವರ್ಡೂ ಇಲ್ಲ. ಆದರೆ ಗೇಮ್ ಓವರ್ ಆಗಿ ಮೊದಲ ಪರದೆ ಬಂದಾಗ ಎ ಒತ್ತಿ ಹಿಡಿದುಕೊಂಡು ಸ್ಟಾರ್ಟ್ ಒತ್ತಿ. ಸತ್ತ ಲೋಕದ ಮೊದಲ ಹಂತದಿಂದ ಶುರುವಾಗುತ್ತದೆ. 6-3ರಲ್ಲಿ ಸತ್ತರೆ 6-1. ಕರೆಂಟ್ ಹೋದರೆ ಇದೂ ಹೋಯಿತು. ನಮ್ಮಲ್ಲಿ ಇದು ಗೊತ್ತಿಲ್ಲದೆಯೇ ಒಂದು ತಲೆಮಾರು ಇಡೀ ಬೇಸಿಗೆ ರಜೆ 1-1 ಆಡಿದೆ. ಮಕ್ಕಳಿಗೆ ಎಮ್ಯುಲೇಟರಿನ ಸೇವ್ ಕೊಡುವ ಬದಲು ಇದನ್ನೇ ಹೇಳಿಕೊಡಿ, ಆಟ ಹದವಾಗಿ ಉಳಿಯುತ್ತದೆ.

ದೊಡ್ಡ ಗುಂಡಿ ದಾಟಾಕ ಆಗವಲ್ತು. ಎಷ್ಟ ಒತ್ತಿದ್ರೂ ನಡುವ ಬೀಳತಾನ.

ಜಿಗಿತ ನಿರ್ಧಾರವಾಗುವುದು ನೆಲದ ಮೇಲೆ. ನಿಂತು ಜಿಗಿದರೆ ಸುಮಾರು 4 ಇಟ್ಟಿಗೆ ಎತ್ತರ, ಪೂರ್ಣ ಓಟದಲ್ಲಿ ಸುಮಾರು 5, ದೂರದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಗಾಳಿಗೆ ಏರಿದ ಮೇಲೆ ಬಿ ಒತ್ತಿದರೆ ಉಪಯೋಗವಿಲ್ಲ. ಗುಂಡಿಯ ಅಂಚಿನಲ್ಲಿ ನಿಂತು ಯೋಚಿಸಿದವನು ಅಲ್ಲಿಂದಲೇ ಜಿಗಿಯಬಾರದು, ಏಳೆಂಟು ಹೆಜ್ಜೆ ಹಿಂದೆ ಬಂದು ಬಿ ಹಿಡಿದು ಓಡಿ ಬರಬೇಕು. ಪರದೆ ಎಡಕ್ಕೆ ಸರಿಯುವುದಿಲ್ಲವಾದ್ದರಿಂದ ಹಿಂದಕ್ಕೆ ಬರಲು ಜಾಗ ಉಳಿಸಿಕೊಂಡೇ ಮುಂದೆ ಹೋಗಿ.

ಎ ಬಿಟ್ಟ ಕೂಡಲೇ ಮಾರಿಯೋ ಇಳಿಯತೊಡಗುತ್ತಾನೆ. ಟರ್ಬೊ ಬಟನ್ನಿನಿಂದ ಜಿಗಿದರೆ ಗಿಡ್ಡ ಜಿಗಿತವೇ ಬರುವುದು ಇದಕ್ಕೆ, ಯಂತ್ರ ನಿಮ್ಮ ಪರವಾಗಿ ಎ ಅನ್ನು ಒತ್ತಿ ಬಿಟ್ಟು ಮಾಡುತ್ತಿರುತ್ತದೆ. ಒಂದು ಇಟ್ಟಿಗೆ ಅಗಲದ ಸಣ್ಣ ಗುಂಡಿಗೆ ಜಿಗಿಯುವುದೇ ಬೇಡ, ಪೂರ್ಣ ವೇಗದಲ್ಲಿ ಅದರ ಮೇಲೆ ಹಾಗೇ ಓಡಿಹೋಗಬಹುದು.

ಸೀದಾ ಎಂಟನೇ ಲೋಕಕ್ಕ ಹೋಗೂದು ಹೆಂಗ?

1-2ರಲ್ಲಿ ಕೊನೆಯ ಲಿಫ್ಟ್‌ನಿಂದ ಛಾವಣಿಯ ಇಟ್ಟಿಗೆಗಳ ಮೇಲೇರಿ, ಹೊರಹೋಗುವ ಪೈಪನ್ನು ದಾಟಿ ಬಲಕ್ಕೆ ನಡೆಯಿರಿ. 4, 3, 2 ಎಂದು ಮೂರು ಪೈಪ್. 4ಕ್ಕೆ ಇಳಿಯಿರಿ. 4-1 ಮುಗಿಸಿ 4-2ಕ್ಕೆ ಬಂದಾಗ ಇನ್ನೊಂದು ತಿರುವು. ಅಲ್ಲಿ ಲಿಫ್ಟ್‌ಗಳನ್ನು ದಾಟಿದ ಮೇಲೆ ಕಣ್ಣಿಗೆ ಕಾಣದ ಪೆಟ್ಟಿಗೆಗಳಿವೆ. ಅವುಗಳನ್ನು ತಲೆಯಿಂದ ಹೊಡೆದು ಮೆಟ್ಟಿಲು ಮಾಡಿಕೊಂಡು ಮೇಲಿನ ಇಟ್ಟಿಗೆ ಹೊಡೆದರೆ ಬಳ್ಳಿ ಏಳುತ್ತದೆ. ಬಳ್ಳಿ ಹತ್ತಿದರೆ 8, 7, 6ರ ಪೈಪುಗಳು. ಬಳ್ಳಿ ಬಿಟ್ಟು 1-2ರ ಹಾಗೆ ಛಾವಣಿ ಹಿಡಿದು ಹೋದರೆ 5 ಮಾತ್ರ ಸಿಗುತ್ತದೆ. ಹೀಗೆ 32 ಹಂತಗಳ ಆಟ 8 ಹಂತಕ್ಕೆ ಇಳಿಯುತ್ತದೆ.

ಆದರೆ ಮೂರೇ ಜೀವದಲ್ಲಿ, ಸಣ್ಣ ಮಾರಿಯೋ ಆಗಿ 8-1ಕ್ಕೆ ಹೋಗಿ ಮಾಡುವುದೇನು? ಅದು ಉದ್ದದ ಹಂತ, ಟೈಮ್ 300 ಮಾತ್ರ. ನಿಂತು ನಿಂತು ಆಡುವವರಿಗೆ ಸಾಲುವುದಿಲ್ಲ.

4-4ರೊಳಗ ಎಷ್ಟ ಓಡಿದ್ರೂ ಮುಗಿಯಂಗಿಲ್ಲ. ಕ್ಯಾಸೆಟ್ ಕೆಟ್ಟೈತೇನು?

ಕೆಟ್ಟಿಲ್ಲ, ಅದು ಚಕ್ರವ್ಯೂಹ. 4-4, 7-4, 8-4 ಮೂರರಲ್ಲೂ ತಪ್ಪು ದಾರಿ ಹಿಡಿದರೆ ಅದೇ ಜಾಗ ಮತ್ತೆ ಬರುತ್ತದೆ, ಯಾವ ಶಬ್ದವೂ ಇಲ್ಲದೆ. 4-4ರಲ್ಲಿ ಮೊದಲು ಮೇಲಿನ ದಾರಿ, ಆಮೇಲೆ ಕೆಳಗಿನದು. 7-4ರ ಮೊದಲ ಸುತ್ತಿನಲ್ಲಿ ಕೆಳಗೆ, ನಡುವೆ, ಮೇಲೆ. ಮೂರೂ ಸರಿಯಾದರೆ ಮಾತ್ರ ಬಿಡುತ್ತದೆ, ಎರಡು ಸರಿ ಒಂದು ತಪ್ಪು ಎಂದರೆ ಮೂರೂ ತಪ್ಪಿದ ಹಾಗೆ. ಎರಡನೇ ಸುತ್ತು ಮೇಲಿನಿಂದ ಶುರುವಾಗಿ ಮೇಲೇ ಮುಗಿಯುತ್ತದೆ, ನಡುವಿನದೊಂದನ್ನು ನೀವೇ ಹಿಡಿಯಿರಿ. 8-4ರಲ್ಲಿ ದಾರಿ ಇರುವುದು ಪೈಪುಗಳಲ್ಲಿ. ಅದರ ಎರಡನೇ ಭಾಗದಲ್ಲಿ ಗಾಳಿಯಲ್ಲಿ ನಿಂತ ಪೈಪ್ ಮುಟ್ಟಲು ಕಾಣದ ಪೆಟ್ಟಿಗೆಯೊಂದನ್ನು ಹೊಡೆದು ಮೇಲೇರಬೇಕು. ಮುಂದೆ ನೀರಿನ ಹಂತ ಬಂತೆಂದರೆ ನೀವು ಸರಿ ದಾರಿಯಲ್ಲಿದ್ದೀರಿ.

ಕೋಟೆಯ ಕೊನೆಯ ಡ್ರ್ಯಾಗನ್‌ಗೆ 5 ಬೆಂಕಿಯುಂಡೆ ಸಾಕು. 1ರಿಂದ 7ನೇ ಲೋಕದವರೆಗೆ ಹೀಗೆ ಸುಟ್ಟರೆ ವೇಷ ಕಳಚಿ ಬೇರೆ ಪ್ರಾಣಿ ಬೀಳುತ್ತದೆ, ಮೊದಲ ಲೋಕದಲ್ಲಿ ಬರೀ ಒಂದು ನಡೆದಾಡುವ ಕಂದು ಅಣಬೆ. 6-4ರಿಂದ ಅವನು ಸುತ್ತಿಗೆ ಎಸೆಯುತ್ತಾನೆ.

3-1ರ ಮೆಟ್ಟಿಲಿನ್ಯಾಗ ಆಮೆ ಮ್ಯಾಲ ಕುಣದು ಜೀವ ಮಾಡ್ಕೊಳ್ಳೂದು ಹೆಂಗ?

ಬಾವುಟದ ಮುಂಚಿನ ಮೆಟ್ಟಿಲಿನಿಂದ ಎರಡು ಆಮೆ ಇಳಿದು ಬರುತ್ತವೆ. ಮೊದಲನೆಯದನ್ನು ಹಾರಿ ದಾಟಿ. ಎರಡನೆಯದು ಮೆಟ್ಟಿಲ ಮೇಲಿದ್ದಾಗಲೇ ತುಳಿದು ಚಿಪ್ಪು ಮಾಡಿ. ಈಗ ಚಿಪ್ಪಿನ ಎಡ ಅಂಚಿನ ಮೇಲೆ ಬೀಳಬೇಕು. ಚಿಪ್ಪು ಬಲಕ್ಕೆ ಚಿಮ್ಮಿ, ಮುಂದಿನ ಮೆಟ್ಟಿಲಿನ ಗೋಡೆಗೆ ಬಡಿದು, ಇಳಿಯುತ್ತಿರುವ ಮಾರಿಯೋನ ಕಾಲಡಿಗೇ ವಾಪಸ್ ಬರುತ್ತದೆ. ನೆಲ ಮುಟ್ಟದೆ ಇದು ನಡೆಯುತ್ತ ಹೋದರೆ 100, 200, 400, 500, 800, 1000, 2000, 4000, 5000, 8000, ಆಮೇಲೆ ಪ್ರತಿ ತುಳಿತಕ್ಕೂ ಒಂದು ಜೀವ. ಬಲಕ್ಕೆ ಒತ್ತುವ ಆಸೆ ತಡೆಯಬೇಕು, ಕೆಡುವುದು ಅಲ್ಲೇ.

ದುರಾಸೆ ಬೇಡ. 10 ಜೀವ ಆದಮೇಲೆ ಅಂಕಿಯ ಪಕ್ಕ ಕಿರೀಟ ಬರುತ್ತದೆ, ಮುಂದೆ ವಿಚಿತ್ರ ಗುರುತುಗಳು. ಎಣಿಕೆ 128ರ ಆಚೆ ಹೋದರೆ ಪ್ರೋಗ್ರಾಮ್ ಅದನ್ನು ಸೊನ್ನೆಗಿಂತ ಕಡಿಮೆ ಎಂದು ಓದಿಕೊಳ್ಳುತ್ತದೆ. ಮುಂದಿನ ಸಾವಿಗೇ ಗೇಮ್ ಓವರ್. ಟೈಮ್ 150ಕ್ಕೆ ಇಳಿದಾಗ ಬಿಟ್ಟು ಬಾವುಟದ ಕಡೆ ಹೋಗುವುದು ಕ್ಷೇಮ.

1-1ರಾಗಿನ ಹಸಿರು ಅಣಬಿ ಒಮ್ಮೆ ಸಿಗತದ, ಸತ್ತು ಬಂದ್ರ ಸಿಗಂಗಿಲ್ಲ. ಯಾಕ?

ನಾಲ್ಕನೇ ಪೈಪಿಗೂ ಮೊದಲ ಗುಂಡಿಗೂ ನಡುವಿನ ಕಾಣದ ಪೆಟ್ಟಿಗೆ ಅದು. ಆಟ ಒಂದು ಗುರುತು ಇಟ್ಟುಕೊಂಡಿರುತ್ತದೆ. ಆ ಜಾಗ ಪರದೆಗೆ ಬಂದ ಕ್ಷಣ ಗುರುತು ಅಳಿಸಿಹೋಗುತ್ತದೆ, ನೀವು ಹೊಡೆದಿರಲಿ ಬಿಡಲಿ. ಮುಂದಿನ ಲೋಕಗಳ ಮೊದಲ ಹಂತದಲ್ಲೂ ಇಂಥ ಅಣಬೆ ಇದೆ, ಆದರೆ ಅದಕ್ಕೆ ಹಿಂದಿನ ಲೋಕದ ಮೂರನೇ ಹಂತದಲ್ಲಿ ನಾಣ್ಯ ಆರಿಸಿರಬೇಕು. 2-1ರಲ್ಲಿ ಬೇಕೆಂದರೆ 1-3ರಲ್ಲಿ ಕನಿಷ್ಠ 21. ಶಾರ್ಟ್‌ಕಟ್ ಪೈಪಿನಿಂದ ಬಂದವರಿಗೆ ಈ ಷರತ್ತಿಲ್ಲ.

## ಮುಗಿಸಿದವರಿಗೆ

ಮೈನಸ್ ಒಂದನೇ ಲೋಕ ಐತಿ ಅಂತಾರಲ್ಲ, ಖರೇನು?

ಖರೇ. 1-2ರ ಕೊನೆಗೆ ದೊಡ್ಡ ಮಾರಿಯೋ ಆಗಿ ಬನ್ನಿ. ಹೊರಹೋಗುವ ಪೈಪಿನ ಮೇಲಿನ ಇಟ್ಟಿಗೆಗಳಲ್ಲಿ ಗೋಡೆಗೆ ಅಂಟಿದ ಬಲತುದಿಯ ಒಂದನ್ನು ಉಳಿಸಿ ಪಕ್ಕದವನ್ನು ಒಡೆಯಿರಿ. ಪೈಪಿನ ಎಡ ಅಂಚಿನಲ್ಲಿ ಎಡಕ್ಕೆ ಮುಖ ಮಾಡಿ ಕುಕ್ಕರಿಸಿ ಜಿಗಿಯಿರಿ, ಗಾಳಿಯಲ್ಲೇ ಬಲಕ್ಕೆ ಒತ್ತಿ. ತಾಳ ಕೂತರೆ ಮಾರಿಯೋ ಗೋಡೆಯೊಳಗೇ ಜಾರಿಕೊಂಡು ಆಚೆ ಹೋಗುತ್ತಾನೆ. ಅಲ್ಲಿ ಬರಹ ಮೂಡುವ ಮುಂಚೆಯೇ ಮೊದಲ ಪೈಪಿಗೆ ಇಳಿಯಬೇಕು.

ಪೈಪುಗಳ ಗುರಿ ಇನ್ನೂ ತುಂಬಿರುವುದಿಲ್ಲವಾದ್ದರಿಂದ ಆಟ 4-2ರ ಪೈಪಿನ ಲೆಕ್ಕ ತೆಗೆದುಕೊಂಡು 36ನೇ ಲೋಕಕ್ಕೆ ಕಳಿಸುತ್ತದೆ. 36ನೇ ಅಂಕಿಯ ಚಿತ್ರ ಖಾಲಿ ಜಾಗ, ಹಾಗಾಗಿ ಪರದೆಯ ಮೇಲೆ "-1" ಎಂದು ಉಳಿಯುತ್ತದೆ. ಒಳಗಿರುವುದು ನೀರಿನ ಹಂತ, ಕೊನೆಯ ಪೈಪ್ ಮತ್ತೆ ಮೊದಲಿಗೇ ತರುತ್ತದೆ. ಹೊರಬರಲು ದಾರಿಯಿಲ್ಲ. ಗೋಡೆಯಾಚೆಯ ಮೂರು ಪೈಪುಗಳಲ್ಲಿ ನಡುವಿನದಕ್ಕೆ ಇಳಿದಿದ್ದರೆ ಮಾತ್ರ 5-1.

ಬಾವುಟ ಏರಿಸಿದ ಮ್ಯಾಲ ಪಟಾಕಿ ಯಾವಾಗ ಹಾರತಾವು?

ಟೈಮಿನ ಕೊನೆಯ ಅಂಕಿ 1, 3 ಅಥವಾ 6 ಇದ್ದರೆ ಅಷ್ಟೇ ಪಟಾಕಿ, ಒಂದಕ್ಕೆ 500 ಅಂಕ. ಬಾವುಟದ ತುದಿ ಹಿಡಿದರೆ 5000. ಅಂಕಕ್ಕಾಗಿ ಆಡುವವರು 6ಕ್ಕೆ ಕಾದು ಜಿಗಿಯುತ್ತಾರೆ. ವೇಗಕ್ಕಾಗಿ ಆಡುವವರಿಗೆ ಪಟಾಕಿ ಶಾಪ, ಮುಗಿಯುವವರೆಗೂ ಕಾಯಬೇಕು.

ರಾಣಿ ಸಿಕ್ಕಳು. ಮುಂದ ಏನೈತಿ?

ಮೊದಲ ಪರದೆಗೆ ಮರಳಿದಾಗ ಬಿ ಒತ್ತಿ ಲೋಕ ಆರಿಸಿಕೊಳ್ಳಬಹುದು. ಈ ಎರಡನೇ ಸುತ್ತಿನಲ್ಲಿ ಕಂದು ಅಣಬೆಗಳ ಜಾಗದಲ್ಲಿ ಬೆಂಕಿಗೆ ಸುಡದ ಕಪ್ಪು ಚಿಪ್ಪಿನ ಜೀರುಂಡೆಗಳು ಬರುತ್ತವೆ, ಲಿಫ್ಟ್‌ಗಳು ಗಿಡ್ಡವಾಗುತ್ತವೆ. ಇದೂ ಸಾಲದು ಎನ್ನುವವರಿಗೆ ಜಪಾನಿನಲ್ಲಿ 1986ರಲ್ಲಿ ಬಂದ ಎರಡನೇ ಭಾಗ ಇದೆ. ಆಟಗಾರನ ಅಭ್ಯಾಸವನ್ನೇ ಬಲೆಯಾಗಿಸುವ, ಸ್ವಲ್ಪ ಕೆಟ್ಟ ಬುದ್ಧಿಯ ಆಟ.

ಐದು ನಿಮಿಷದಾಗ ಮುಗಸ್ತಾರಂತ. ನಮ್ಮ ಪೆಟ್ಟಿಗಿ ಮ್ಯಾಲ ಆಗತದೇನು?

ಜಗತ್ತಿನ ಅತಿ ವೇಗದ ಆಟಗಳು 2021ರಿಂದ 4 ನಿಮಿಷ 55 ಸೆಕೆಂಡಿಗಿಂತ ಕೆಳಗಿವೆ. ಅದೆಲ್ಲ 60ರ ವೇಗದ ಲೆಕ್ಕ. ಅದೇ ಆಟವನ್ನು ಒಂದು ಬಟನ್ನೂ ತಪ್ಪದೆ ನಮ್ಮ 50ರ ಪೆಟ್ಟಿಗೆಯಲ್ಲಿ ಆಡಿದರೆ ಗಡಿಯಾರ ಸುಮಾರು 5 ನಿಮಿಷ 54 ಸೆಕೆಂಡ್ ತೋರಿಸುತ್ತದೆ. ಹಾಗಾಗಿ ನಿಮ್ಮ ಸಮಯವನ್ನು ಯಾರದರ ಜೊತೆಗಾದರೂ ಹೋಲಿಸುವ ಮುಂಚೆ 1.2ರಿಂದ ಭಾಗಿಸಿ.

ಇನ್ನೊಂದು ವಿಷಯ. ಒಂದು ಹಂತ ಮುಗಿದು ಮುಂದಿನದಕ್ಕೆ ಹೋಗುವುದು ಪರದೆಯ 21 ಬದಲಾವಣೆಗೊಮ್ಮೆ ಮಾತ್ರ. 60ರಲ್ಲಿ ಅದು 0.35 ಸೆಕೆಂಡ್, ನಮ್ಮಲ್ಲಿ 0.42. 1-1ರಲ್ಲಿ ಕಷ್ಟಪಟ್ಟು ಉಳಿಸಿದ ಕಾಲು ಸೆಕೆಂಡ್ ಈ ಬಾಗಿಲು ತೆರೆಯುವವರೆಗೆ ಕಾಯುವುದರಲ್ಲೇ ಕರಗಿಹೋಗಬಹುದು. ಕಾಯುವ ಈ ಬಾಗಿಲು 8-4ರ ಕೊನೆಗೆ ಇಲ್ಲ, ಅಲ್ಲಿ ಉಳಿಸಿದ್ದೆಲ್ಲ ಉಳಿತಾಯವೇ. ಅಭ್ಯಾಸದ ಹೊತ್ತನ್ನು ಮೊದಲು ಅಲ್ಲಿಗೆ ಹಾಕಿ.